ಮಿಲುಟಿನ್ ನಾಣ್ಯ ಚುಚ್ಚಿದ ಸೇಬು

ಅರವತ್ತು ದಾಟಿದ ವಿಧುರ ಮಿಲುಟಿನ್‌ಗೆ ಪ್ರೇಮ ಅಂಟಿಕೊಂಡದ್ದು ಮಲಬದ್ಧತೆಯ ದೆಸೆಯಿಂದ. ಮುಚ್ಚಿಟ್ಟು ಪ್ರಯೋಜನವಿಲ್ಲ, ಅರಿಲ್ಯೆ ಪಟ್ಟಣದ ಸುತ್ತಿನ ಬೆಟ್ಟದೂರುಗಳಿಗೆಲ್ಲ ಇದು ಗೊತ್ತು. ಹೊಟ್ಟೆ ಹಿಡಿದುಕೊಂಡು ಅವನು ಕೋಸಾರಾಳ ಮನೆಗೆ ಹೋಗಿದ್ದ. ಅವಳು ನಿವೃತ್ತ ನರ್ಸ್, ಗಂಡ ತೀರಿಕೊಂಡವಳು. ಮಾತ್ರೆ ಕೊಡಲಿಲ್ಲ. ಮದ್ದು ನಿಮ್ಮ ತೋಟದಲ್ಲೇ ಜೋತಾಡುತ್ತಿದೆ, ದಿನಕ್ಕೊಂದು ಸೇಬು ತಿನ್ನಿ, ನಾರು ಹೆಚ್ಚಿರುವುದು ಸಿಪ್ಪೆಯಲ್ಲಿ, ಅದನ್ನು ಕೋಳಿಗೆ ಹಾಕಬೇಡಿ ಎಂದು ಗದರಿ ಕಳಿಸಿದಳು.

ಹೊಟ್ಟೆ ಬೇಗನೆ ದಾರಿಗೆ ಬಂತು, ಮನಸ್ಸು ದಾರಿ ತಪ್ಪಿತು. ಉಪಕಾರ ತೀರಿಸುವ ನೆಪದಲ್ಲಿ ಅವನು ದಿನಾ ಸಂಜೆ ಒಂದು ಬುದಿಮ್ಕಾ ಸೇಬನ್ನು ಅಂಗಿಗೆ ಒರೆಸಿ ಒಯ್ಯತೊಡಗಿದ. ಬುದಿಮ್ಕಾ ಎಂದರೆ ಬೀರುವಿನ ಮೇಲಿಟ್ಟರೆ ಮನೆಯೆಲ್ಲ ಘಮ್ಮೆನ್ನುವ ಜಾತಿ. ಕೋಸಾರಾ ಬೀದಿಬಾಗಿಲಲ್ಲೇ ಅದನ್ನು ಕೈಚಾಚಿ ಇಸಿದುಕೊಂಡು, ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ಹೆಚ್ಚಿ, ಅರ್ಧ ಅವನಿಗೇ ಕೊಟ್ಟು ಪಾಠ ಶುರುಮಾಡುವಳು. ರಸ ಹಿಂಡಿದರೆ ನಾರು ಹೋಯಿತು, ಹಲ್ಲಿರುವ ತನಕ ಕಚ್ಚಿಯೇ ತಿನ್ನಬೇಕು. ಹಲ್ಲು ಸೋತ ದಿನ ತುರಿದು ಮೇಲೆ ದಾಲ್ಚಿನ್ನಿ ಉದುರಿಸಿಕೊಳ್ಳಬಹುದು. ಚಳಿಗಾಲದಲ್ಲಿ ಒಳಗೆ ಅಕ್ರೋಟು ತುಂಬಿ ಬೇಯಿಸಿದರೆ ಅದರ ರುಚಿಯೇ ಬೇರೆ, ಆದರೆ ಸಕ್ಕರೆ ಸುರಿದು ಅದನ್ನು ಪಥ್ಯ ಅನ್ನಬಾರದು. ಮಿಲುಟಿನ್ ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿ, ಆಡಬೇಕಾದ ಮಾತನ್ನು ಸೇಬಿನ ಜೊತೆಗೇ ನುಂಗಿ ಎದ್ದು ಬರುತ್ತಿದ್ದ.

ತಂಗಿ ಸ್ಟಾನಾ ತಡೆಯಲಾರದೆ ಕೇಳಿದಳು: "ಅಣ್ಣಾ, ನೀನು ಹೆಣ್ಣು ಕೇಳ್ತಿದೀಯೋ, ಹಣ್ಣಿನ ವರ್ತನೆ ಹಾಕ್ತಿದೀಯೋ?"

ಹೆಣ್ಣು ಕೇಳುವವರು ಸೇಬಿಗೆ ನಾಣ್ಯ ಚುಚ್ಚಿ ಕೊಡುವುದು, ಹೆಣ್ಣು ಅದನ್ನು ತೆಗೆದುಕೊಂಡರೆ ಒಪ್ಪಿದಂತೆ. ಅದು ಆ ಬೆಟ್ಟದೂರುಗಳಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಭಾನುವಾರ ಮಿಲುಟಿನ್ ಗಡ್ಡ ಬೋಳಿಸಿ, ಒಳ್ಳೆಯ ಸೇಬಿಗೆ ಹಳೆಯ ಬೆಳ್ಳಿ ನಾಣ್ಯ ಸಿಕ್ಕಿಸಿ ಹೊರಟ. ಅವಳು ಒಲ್ಲೆ ಎಂದರೆ ನಾಳೆಯಿಂದ ಆ ಅಡುಗೆಮನೆಗೆ ಹೋಗಲು ನೆಪವೂ ಉಳಿಯುವುದಿಲ್ಲ.

ಕೋಸಾರಾ ಎಂದಿನಂತೆ ಸೇಬು ತೆಗೆದುಕೊಂಡಳು. ಅವನ ಎದೆ ಹಿಗ್ಗಿತು. ಒಳಗೆ ಹೋದವಳೇ ನಾಣ್ಯ ಕಿತ್ತು, ತೊಳೆದು, ಅವನ ಮುಂದಿಟ್ಟಳು.

"ರಕ್ತ ಕಮ್ಮಿ ಇದ್ದೋರು ಸೇಬಿಗೆ ಕಬ್ಬಿಣದ ಮೊಳೆ ಚುಚ್ಚಿಟ್ಟು ತಿಂತಾರೆ. ಬೆಳ್ಳಿ ಚುಚ್ಚಿದ್ರೆ ಏನ್ರೀ ಬರುತ್ತೆ?"

ನಾಣ್ಯ ವಾಪಸ್ ಬಂದ ಮೇಲೆ ಕೇಳುವುದಕ್ಕೇನು ಉಳಿಯಿತು? ಮಿಲುಟಿನ್ ಟೋಪಿ ಎತ್ತಿಕೊಂಡ. ದುಃಖ ಒತ್ತರಿಸಿ ಬಂತು. ಹೇಗೂ ಮಾನ ಹೋಗಿದೆಯಲ್ಲ ಎಂಬ ಧೈರ್ಯದಲ್ಲಿ, ಹೊಸ್ತಿಲ ಮೇಲೆ ನಿಂತು ಬಾಯಿಬಿಟ್ಟ.

"ಅದು ರಕ್ತಕ್ಕಲ್ಲ ಕೋಸಾರಾ. ಒಬ್ಬನೇ ಊಟಕ್ಕೆ ಕೂತು ಸಾಕಾಗಿದೆ. ನಿಮ್ಮನ್ನ ಕೇಳೋಣ ಅಂತ ಬಂದಿದ್ದೆ."

ಅವಳು ಚಾಕು ಕೆಳಗಿಟ್ಟಳು. ನಗು ತಡೆಯುತ್ತಿದ್ದಳೋ ಅಳುವನ್ನೋ, ಅವನಿಗೆ ತಿಳಿಯಲಿಲ್ಲ.

"ಗೊತ್ತು. ನಿಮ್ಮ ಬಾಯಿಂದ ಬರಲಿ ಅಂತ ಕಾಯ್ತಿದ್ದೆ. ವಿಧುರನ ಕೈಯಿಂದ, ಬೀದಿಯೆಲ್ಲ ನೋಡ್ತಿರುವಾಗ, ದಿನಾ ಸೇಬು ಇಸ್ಕೊಂಡಿದೀನಿ. ಮೊದಲನೇ ಹಣ್ಣಿಗೇ ಊರು ನನ್ನ ಮದುವೆ ಮಾಡಿ ಮುಗಿಸ್ತು. ತಿಳೀದೇ ಇದ್ದೋರು ನೀವೊಬ್ಬರೇ."

ಒಲೆಯ ಮೇಲಿನ ಸಾರಿನ ಪಾತ್ರೆ ತಂದು ಮೇಜಿನ ಮೇಲಿಟ್ಟಳು. ಅಲ್ಲಿ ಎರಡು ತಟ್ಟೆಗಳಿದ್ದವು.

"ದಿನಾ ಎರಡು ತಟ್ಟೆ ಇಡ್ತಿದ್ದೆ," ಎಂದಳು. "ನೀವು ಸೇಬು ತಿಂದು ಎದ್ದು ಹೋಗ್ತಿದ್ರಿ."