ಅನ್ಸೆಲ್ಮೊ ತಪ್ಪಿದ ಒಂದು ಜಿಂಕೆ

ಲಾಸ್ ಕೋಮಾಸ್ ರಾಂಚಿನ ಅಡುಗೆಮನೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಟೋರ್ತಿಯಾ ರೊಟ್ಟಿ ಬೇಯಿಸಿದ್ದೇನೆ. ಟೆಕ್ಸಾಸಿನ ದಕ್ಷಿಣ ಅಂಚಿನಲ್ಲಿ ಹನ್ನೆರಡು ಸಾವಿರ ಎಕರೆ ಮುಳ್ಳುಕುರುಚಲು, ಸುತ್ತ ಎಂಟಡಿ ಎತ್ತರದ ತಂತಿಬೇಲಿ, ಒಳಗೆ ಬಿಳಿಬಾಲದ ಜಿಂಕೆಗಳು. ಬೇಲಿ ಕಟ್ಟಿದ ಮೇಲೆ ಜಿಂಕೆಗಳನ್ನು ಅವುಗಳ ಪಾಡಿಗೆ ಬಿಟ್ಟು ಕೂರುವ ಹಾಗಿಲ್ಲ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಯಾರಾದರೂ ಹೇಳಲೇಬೇಕು. ನಮ್ಮಲ್ಲಿ ಹಾಗೆ ಹೇಳುತ್ತಿದ್ದವರು ಅನ್ಸೆಲ್ಮೊ ಬೆನಾವಿಡೆಸ್; ಗೌರವದಿಂದ ಎಲ್ಲರೂ ದೋನ್ ಅನ್ಸೆಲ್ಮೊ ಎನ್ನುತ್ತಿದ್ದರು.

ನಮ್ಮ ರಾಂಚಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಳ್ಳೆಯ ಕೊಂಬಿನ ಗಂಡಿಗೆ ಆರು ವರ್ಷ ತುಂಬುವ ತನಕ ಯಾರೂ ಗುಂಡು ಹೊಡೆಯುವಂತಿಲ್ಲ. ಬೇಟೆಗೆ ಬಂದ ಅತಿಥಿಯ ಪಕ್ಕ ಅನ್ಸೆಲ್ಮೊ ಅಟ್ಟಣೆಯಲ್ಲಿ ಕೂರುತ್ತಿದ್ದರು. ಕುತ್ತಿಗೆ, ಬೆನ್ನು, ಹೊಟ್ಟೆ ನೋಡಿ ವಯಸ್ಸು ಹೇಳುತ್ತಿದ್ದರು. ಆಮೇಲೆಯೇ ಬಂದೂಕು ಮೇಲೇಳುವುದು.

ಒಂದು ಅಕ್ಟೋಬರಿನಲ್ಲಿ ಯಜಮಾನ ಟ್ಯಾಲಿ ಸಾಹೇಬರು ಕರ್ಟ್ ಲಿಂಡೆಮಾನ್ ಎಂಬ ವನ್ಯಜೀವಿ ತಜ್ಞನನ್ನು ಕೆಲಸಕ್ಕಿಟ್ಟರು. ಮೂವತ್ತರ ಆಸುಪಾಸಿನವ, ಮರ್ಯಾದಸ್ಥ. ಬಂದ ವಾರದಲ್ಲೇ ಊಟದ ಮೇಜಿನಲ್ಲಿ ಮಾತು ತೆಗೆದ.

"ದೋನ್ ಅನ್ಸೆಲ್ಮೊ, ಬೇಜಾರು ಮಾಡ್ಕೋಬೇಡಿ. ದೂರದಿಂದ ನೋಡಿ ವಯಸ್ಸು ಹೇಳೋದು ಬರೀ ಅಂದಾಜು."

"ಅಂದಾಜು ಅಂದ್ರೆ ನಮ್ಮ ಚೆಲೊ ಸಾರಿಗೆ ಉಪ್ಪು ಹಾಕೋದು," ಎಂದರು ಅನ್ಸೆಲ್ಮೊ. "ನಾನು ನೋಡಿ ಹೇಳ್ತೀನಿ."

ಮೇಜೆಲ್ಲ ನಕ್ಕಿತು. ಚೆಲೊ ಅಂದರೆ ನಾನೇ. ಸುಮ್ಮನಿರುವವಳೇ? "ಅದೇ ಅಂದಾಜಿನ ಸಾರು ತಿಂದೇ ಅಲ್ವಾ ಹೊಟ್ಟೆ ಹೀಗೆ ಬೆಳೆಸಿರೋದು!" ಎಂದೆ.

ಕೊನೆಗೆ ಟ್ಯಾಲಿ ಸಾಹೇಬರೇ ಒಂದು ಪರೀಕ್ಷೆ ಇಟ್ಟರು. ಆ ವರ್ಷ ಯಾವ ಗಂಡನ್ನು ಹೊಡೆಯುವುದಿದ್ದರೂ ಗುಂಡಿಗೆ ಮೊದಲು ಅನ್ಸೆಲ್ಮೊ ವಯಸ್ಸು ಹೇಳಬೇಕು, ಕರ್ಟ್ ಅದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಆಮೇಲೆ ಜಿಂಕೆಯ ಮುಂದಿನ ಹಲ್ಲು ಕಿತ್ತು ಉತ್ತರದ ಒಂದು ಪ್ರಯೋಗಾಲಯಕ್ಕೆ ಕಳಿಸುವುದು. ಮರದ ಕಾಂಡದಲ್ಲಿ ಉಂಗುರ ಎಣಿಸುವ ಹಾಗೆ ಅವರು ಹಲ್ಲಿನ ಬೇರಿನಲ್ಲಿ ಎಣಿಸಿ ವರ್ಷ ಹೇಳುತ್ತಾರೆ.

ಅನ್ಸೆಲ್ಮೊಗೆ ಒಬ್ಬಳೇ ಮಗಳು, ಡೆಲ್ಫಿನಾ. ಆಗ ಇಪ್ಪತ್ತೇಳು. ಮೇವಿನ ಟ್ರಕ್ಕು ಓಡಿಸುವುದು, ಬೇಲಿ ಸರಿಮಾಡುವುದು, ಜೋಳ ಎರಚುವ ಡಬ್ಬಿಗಳನ್ನು ತುಂಬುವುದು, ಸತ್ತ ಮರಿಗಳನ್ನು ಹುಡುಕಿ ಗುರುತು ಹಾಕುವುದು, ಎಲ್ಲ ಅವಳೇ. ಆದರೆ ವಯಸ್ಸು ಹೇಳುವುದು ಮಾತ್ರ ಅಪ್ಪನ ಕೆಲಸ. ಅವರು ಅದನ್ನು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಜನವರಿಯಲ್ಲಿ ಮಿಸೆಸ್ ಓಟ್ಮರ್ಸ್ ಬಂದರು. ಎಪ್ಪತ್ತು ದಾಟಿದ ವಿಧವೆ, ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಬಂದೂಕು ಹಿಡಿದರೆ ಕೈ ಮಾತ್ರ ಬಂಡೆಯಷ್ಟು ಸ್ಥಿರ. ಅವತ್ತು ಬೆಳಿಗ್ಗೆ ಅಟ್ಟಣೆಯಲ್ಲಿ ನಾಲ್ವರಿದ್ದರು: ಆಕೆ, ಅನ್ಸೆಲ್ಮೊ, ಕರ್ಟ್, ಡೆಲ್ಫಿನಾ. ಅಲ್ಲಿ ನಡೆದದ್ದನ್ನು ಆಕೆಯೇ ನನ್ನ ಒಲೆಯ ಪಕ್ಕ ಕೂತು ಎರಡೆರಡು ಸಲ ಹೇಳಿದರು.

ಮೂರು ಗಂಡುಗಳು ಆಗಲೇ ಜೋಳ ತಿನ್ನುತ್ತಿದ್ದವು. ಬಿಸಿಲು ಏರುವ ಹೊತ್ತಿಗೆ ಇನ್ನೊಂದು ಗಂಡು ಜೋಳಕ್ಕೆ ಬಂತು. ಹತ್ತು ಕವಲಿನ ಕೊಂಬು. ಮೈ ತೆಳ್ಳಗೆ, ಸೊಂಟ ಸಣ್ಣ.

"ನಾಲ್ಕು," ಎಂದರು ಅನ್ಸೆಲ್ಮೊ. "ಬಿಟ್ಟುಬಿಡಿ. ಇನ್ನೆರಡು ವರ್ಷ ಬೆಳೀಲಿ."

ಮಿಸೆಸ್ ಓಟ್ಮರ್ಸ್ ಬಂದೂಕು ಮಡಿಲಿಗಿಟ್ಟುಕೊಂಡರು. ಆಗ ಹಿಂದಿನಿಂದ ಡೆಲ್ಫಿನಾ, "ಅಪ್ಪಾ, ಅದು ಮುದಿ," ಎಂದಳು.

"ಏನಂದೆ?"

"ಮುದಿ ಗಂಡು. ಎಂಟಾದ್ರೂ ಆಗಿದೆ, ಒಂಬತ್ತಿದ್ರೂ ಇರಬಹುದು. ಹೆಣ್ಣುಗಳ ಹಿಂದೆ ಎರಡು ತಿಂಗಳು ಓಡಿ ಮೈಯೆಲ್ಲ ಇಳಿಸ್ಕೊಂಡಿದೆ, ಅದಕ್ಕೆ ಹರೆಯದ್ದರ ಹಾಗೆ ಕಾಣ್ತಿದೆ. ಸೊಂಟ ನೋಡ್ಬೇಡಿ, ಮುಖ ನೋಡಿ. ದವಡೆ ಕೆಳಗೆ ಚರ್ಮ ಜೋತಿದೆ. ಬಂದ ತಕ್ಷಣ ಬರೀ ಕಿವಿ ಹಿಂದಕ್ಕೆ ಮಾಡ್ತು, ಆ ಮೂರು ಗಂಡೂ ಜೋಳ ಬಿಟ್ಟು ಸರಿದ್ವು. ನಾಲ್ಕು ವರ್ಷದ್ದಕ್ಕೆ ಯಾರು ಹೆದರ್ತಾರೆ?"

ಅನ್ಸೆಲ್ಮೊ ದುರ್ಬೀನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಅವಳ ಮಾತು ಸುಳ್ಳಾದರೆ ರಾಂಚಿನ ಒಂದು ಎಳೆಯ ಒಳ್ಳೆಯ ಗಂಡು ಸುಮ್ಮನೆ ಸಾಯುತ್ತದೆ. ಅವಳ ಮಾತು ನಿಜವಾದರೆ ಅದು ಇನ್ನೊಂದು ವರ್ಷ ಬಾಳುವುದಿಲ್ಲ, ಕುರುಚಲಲ್ಲಿ ಬಿದ್ದು ಕಯೋಟಿ ತೋಳಗಳ ಪಾಲಾಗುತ್ತದೆ.

"ನನ್ನ ಕಣ್ಣಿಗೆ ನಾಲ್ಕೇ," ಎಂದರು ಕೊನೆಗೆ. "ಕರ್ಟ್, ಚೀಟಿಲಿ ನಾಲ್ಕು ಅಂತಲೇ ಬರಿ."

"ಸರಿ. ಹಾಗಾದ್ರೆ ಬಿಡೋಣ ಅಲ್ವಾ?"

"ಇಲ್ಲ. ಮಿಸೆಸ್ ಓಟ್ಮರ್ಸ್, ನೀವು ಹೊಡೀರಿ. ನನ್ನ ಮಗಳು ಹೇಳ್ತಿದ್ದಾಳೆ. ತಪ್ಪಾದ್ರೆ ಯಜಮಾನರಿಗೆ ನಾನು ಉತ್ತರ ಕೊಡ್ತೀನಿ."

ಡೆಲ್ಫಿನಾಳ ಮುಖ ಬಿಳಿಚಿಕೊಂಡಿತಂತೆ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಭುಜದ ಹಿಂದೆ ಹೊಡೀರಿ," ಎಂದಷ್ಟೇ ಹೇಳಿದಳು. ಒಂದೇ ಗುಂಡು. ಜಿಂಕೆ ನಾಲ್ಕು ಹೆಜ್ಜೆ ಓಡಿ ಬಿತ್ತು.

ಅನ್ಸೆಲ್ಮೊ ಎಲ್ಲರಿಗಿಂತ ಮೊದಲು ಏಣಿ ಇಳಿದರು. ಅರವತ್ತೊಂದರ ಮನುಷ್ಯ ಅಷ್ಟು ಬೇಗ ಇಳಿದದ್ದನ್ನು ತಾನು ನೋಡಿಯೇ ಇಲ್ಲ ಎಂದ ಕರ್ಟ್. ಮಂಡಿಯೂರಿ ಕೂತು ಜಿಂಕೆಯ ಬಾಯಿಗೆ ಬೆರಳು ಹಾಕಿ ಹಿಂದಿನ ಹಲ್ಲುಗಳನ್ನು ಸವರಿದರು.

"ಡೆಲ್ಫಿನಾ, ಬಾ ಇಲ್ಲಿ. ಬೆರಳಿಟ್ಟು ನೋಡು."

ಹಲ್ಲು ಎನ್ನುವುದೇ ಉಳಿದಿರಲಿಲ್ಲ. ಒಸಡಿನ ಮಟ್ಟಕ್ಕೆ ಸವೆದು ಹೊಳೆಯ ಕಲ್ಲಿನಷ್ಟು ನುಣುಪಾಗಿತ್ತು.

ಕರ್ಟ್ ಒಳ್ಳೆಯ ಹುಡುಗ. ಜೇಬಿನಿಂದ ಚೀಟಿ ತೆಗೆದು, "ದೋನ್ ಅನ್ಸೆಲ್ಮೊ, ನೀವೂ ಅವಳ ಮಾತಿಗೆ ಒಪ್ಪಿದ್ರಿ ತಾನೆ? ಇದನ್ನ ತಿದ್ದಿಬಿಡ್ಲಾ?" ಎಂದ.

"ಅದರ ಮೇಲೊಂದು ಗೆರೆ ಎಳೆದ್ರೂ ಕೈ ಮುರೀತೀನಿ," ಎಂದರು ಅನ್ಸೆಲ್ಮೊ. "ನಾನು ತಪ್ಪಿದೆ ಅಂತ ಬರೆದಿರೋ ಕಾಗದ ಅದು. ಅವಳು ಗೆದ್ದಳು ಅಂತಲೂ ಬರೆದಿದೆ."

ಮಾರ್ಚಿನಲ್ಲಿ ಪ್ರಯೋಗಾಲಯದ ಪತ್ರ ಬಂತು. ಟ್ಯಾಲಿ ಸಾಹೇಬರು ನಮ್ಮ ಅಡುಗೆಮನೆಯಲ್ಲೇ ಅದನ್ನು ಗಟ್ಟಿಯಾಗಿ ಓದಿದರು. ಒಟ್ಟು ಮೂವತ್ತೊಂದು ಗಂಡು. ಇಪ್ಪತ್ತೇಳರ ವಯಸ್ಸನ್ನು ಅನ್ಸೆಲ್ಮೊ ಕರಾರುವಾಕ್ಕಾಗಿ ಹೇಳಿದ್ದರು. ಮೂರರಲ್ಲಿ ಒಂದೊಂದು ವರ್ಷ ಹೆಚ್ಚುಕಡಿಮೆ. ಇನ್ನೊಂದರಲ್ಲಿ ಐದು ವರ್ಷ ತಪ್ಪಿದ್ದರು.

ಕರ್ಟ್ ಎದ್ದು ಹ್ಯಾಟು ತೆಗೆದು, "ನನ್ನ ಮಾತು ವಾಪಸ್ ತಗೊಂಡೆ. ಇದು ಅಂದಾಜಲ್ಲ," ಎಂದು ಕೈ ಚಾಚಿದ. ಅನ್ಸೆಲ್ಮೊ ಕೈಕುಲುಕಿದರು, ಆದರೆ ಅವರ ಗಮನವೆಲ್ಲ ಪತ್ರದ ಮೇಲಿತ್ತು.

"ಆ ಐದು ವರ್ಷದ್ದು ಇನ್ನೊಂದ್ಸಲ ಓದಿ, ಸಾಹೇಬ್ರೆ."

"ನೀವು ಹೇಳಿದ್ದು ನಾಲ್ಕು. ಇದ್ದದ್ದು ಒಂಬತ್ತು."

"ಜೋರಾಗಿ ಓದಿ. ಚೆಲೊಗೆ ಕಿವಿ ಮಂದ."

ನನ್ನ ಕಿವಿ ಚೆನ್ನಾಗಿಯೇ ಇತ್ತು. ಆದರೂ ಅವತ್ತು ನಾನು ಎದುರಾಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಡೆಲ್ಫಿನಾ ಕೆಂಪಾಗಿ ಹೊರಗೆ ಟ್ರಕ್ಕಿನ ಕಡೆ ನಡೆದಳು. ಅನ್ಸೆಲ್ಮೊ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮುಂದಿನ ಒಂದು ತಿಂಗಳು ಮೇವಿನ ಅಂಗಡಿ, ಕ್ಷೌರದಂಗಡಿ, ಚರ್ಚಿನ ಅಂಗಳ ಎಲ್ಲ ಕಡೆ ಅದು ಸುತ್ತಿತು. ಇಪ್ಪತ್ತೇಳರ ಸುದ್ದಿಯನ್ನು ಅವರು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆಲ್ಲ ಹೇಳಿದ್ದು ತಾವು ತಪ್ಪಿದ ಆ ಒಂದನ್ನೇ.

ನವೆಂಬರಿನಲ್ಲಿ ಬೇಟೆ ಮತ್ತೆ ಶುರುವಾದಾಗ ಡ್ಯಾಲಸ್ಸಿನ ಒಬ್ಬ ದೊಡ್ಡ ಮನುಷ್ಯ ತಿಂಡಿಗೆ ಕೂತು, "ಇಲ್ಲಿ ವಯಸ್ಸು ಹೇಳೋರು ನೀವೇ ಅಂತೆ?" ಎಂದು ಅನ್ಸೆಲ್ಮೊರನ್ನು ಕೇಳಿದ.

"ನಾನಾ? ನಾನು ಬರೀ ಡ್ರೈವರ್. ವಯಸ್ಸು ಹೇಳೋದು ನನ್ನ ಮಗಳು."

ಮಧ್ಯಾಹ್ನ ಆ ಮನುಷ್ಯ ಬರಿಗೈಯಲ್ಲಿ ವಾಪಸ್ಸಾದ. ಮುಖ ಗಂಟುಹಾಕಿಕೊಂಡು, "ಅಂಥಾ ಕೊಂಬು ನನ್ನ ಜನ್ಮದಲ್ಲಿ ನೋಡಿಲ್ಲ. ಆ ಹುಡುಗಿ 'ಐದೇ ವರ್ಷ, ಬಂದೂಕು ಇಳಿಸಿ' ಅಂದುಬಿಟ್ಟಳು. ನಾನು ಎಷ್ಟು ಹೇಳಿದ್ರೂ ಜಗ್ಗಲಿಲ್ಲ," ಎಂದು ನನ್ನೆದುರು ದೂರಿದ.

ಅನ್ಸೆಲ್ಮೊ ಅವತ್ತು ನನ್ನ ಕೈಯಿಂದ ಕೆಟಲ್ ಕಸಿದುಕೊಂಡು, ಆ ಮನುಷ್ಯನ ಲೋಟಕ್ಕೆ ತಾವೇ ಕಾಫಿ ಸುರಿದರು. ಅದು ತುಂಬಿ ಮೇಜಿಗೆ ಚೆಲ್ಲಿತು. ಅವರಿಗೆ ಗೊತ್ತೇ ಆಗಲಿಲ್ಲ, ಅಷ್ಟು ನಗುತ್ತಿದ್ದರು.