ಹದಿಮೂರರ ಮಗ್ಗಿ

"ಹದಿನಾಲ್ಕು ಆರ್ಲೆ ಎಷ್ಟವ್ವ?"

ಮೂರನೆಯ ಸಲ ಕೇಳುವಾಗ ಕೊಟ್ರಯ್ಯ ಮಾಸ್ತರ ದನಿ ಏರಿತ್ತು. ಎದುರಿಗೆ ನಿಂತ ಉಚ್ಚೆಂಗಮ್ಮ ಕಣ್ಣು ಮುಚ್ಚಿದಳು, ತುಟಿ ಅಲ್ಲಾಡಿಸಿದಳು, ಬೆರಳು ಮಡಿಚಿ ಬಿಚ್ಚಿದಳು. ಕಡೆಗೆ "ಎಂಬತ್ನಾಕು" ಎಂದಳು. ಉತ್ತರವೇನೋ ಸರಿ. ಆದರೆ ಅಷ್ಟರೊಳಗೆ ಮಾಸ್ತರು ಒಂದು ಚಿಟಿಕೆ ನಶ್ಯ ಏರಿಸಿ, ಎರಡು ಸಲ ಸೀನಿ, ಮೂಗು ಒರೆಸಿಕೊಂಡಾಗಿತ್ತು.

"ಸೋಮವಾರ ಹೆಡ್‌ಮಾಸ್ತರು ಹಿಂಗ ಕಾಯಂಗಿಲ್ಲ. ಹತ್ತು ಎಣಿಸೋದ್ರಾಗ ಹೇಳ್ಬೇಕು. ನಿನ್ನ ತಲಿ ಏನು ಎತ್ತಿನ ಬಂಡಿ ಏನು?"

ಹುಡುಗರು ನಕ್ಕರು. ಉಚ್ಚೆಂಗಮ್ಮ ನಗಲಿಲ್ಲ.

ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸೀಮೆಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಬಂದವರ ಮಕ್ಕಳು ಇವರು. ಕಂಪ್ಲಿಯ ಅಕ್ಕಿ ಗಿರಣಿಯ ಹಿಂದಿನ ಬಯಲಲ್ಲಿ ಅವರ ಗುಡಿಸಲುಗಳಿದ್ದವು. ಗಿರಣಿಯ ಸಾಹುಕಾರರು ಒಂದು ಖಾಲಿ ಗೋದಾಮು ಬಿಟ್ಟುಕೊಟ್ಟಿದ್ದರು. ಊರಿನ ಬೋರ್ಡ್ ಶಾಲೆ ಬಿಟ್ಟ ಮೇಲೆ ಮಾಸ್ತರು ಅಲ್ಲಿಗೆ ಬಂದು ಪಾಠ ಹೇಳುತ್ತಿದ್ದರು. ಹೇಳಿ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಇಲ್ಲವೋ, ಅಂಥ ಹಟದ ಮನುಷ್ಯ.

ಉಚ್ಚೆಂಗಮ್ಮ ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ನಾಲ್ಕು ವರ್ಷ ಓದಿದ್ದಳು, ಓದಿದ್ದೆಲ್ಲ ಉರ್ದುವಿನಲ್ಲಿ. ಇಲ್ಲಿಗೆ ಬಂದ ಆರು ತಿಂಗಳಲ್ಲಿ ಕನ್ನಡ ಓದುಬರಹ ಕಲಿತು, ಬೋರ್ಡ್ ಶಾಲೆಯ ಬರೆಯುವ ಪರೀಕ್ಷೆಯನ್ನೂ ದಾಟಿದ್ದಳು. ಬಾಯಿಲೆಕ್ಕ ಉಳಿದಿತ್ತು. ಗೆದ್ದರೆ ಐದನೇ ಕ್ಲಾಸು, ಸೋತರೆ ಒಂದನೆಯದು. ಅವಳ ಅಪ್ಪ ಹುಲುಗಪ್ಪ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನದು ಒಂದೇ ಮಾತು.

"ಐದಕ್ಕ ಕುಂದ್ರಿಸಿದ್ರ ಕಳಸ್ತೀನ್ರಿ. ಒಂದಕ್ಕಂದ್ರ ಬ್ಯಾಡ. ಹನ್ನೆರಡು ವರ್ಷದಾಕಿ ಸಣ್ಣ ಹುಡುಗ್ರ ಕೂಡ ಕುಂತ್ರ ಏನು ಚಂದ? ನಾಟಿಗೆ ಹೋಗ್ಲಿ."

ಇನ್ನೊಂದು ಮಾತೂ ಅವನದಿತ್ತು. ರಜಾಕಾರರು ಊರಿಗೆ ನುಗ್ಗಿದ ದಿನ ಅವನ ತಮ್ಮನನ್ನು ಕೊಂದಿದ್ದರು. ಪಾಠ ಶುರುವಾದ ವಾರದಲ್ಲೇ ಪಾಠಕ್ಕೆ ಬಂದ ಒಂದು ಮಗು ಯಾವುದೋ ಉರ್ದು ಮಾತು ಆಡಿದ್ದನ್ನು ಕೇಳಿ ಹುಲುಗಪ್ಪ ಮಾಸ್ತರ ಮುಂದೆ ಬಂದು ನಿಂತ. "ಕೈ ಮುಗೀತೀನ್ರಿ ಮಾಸ್ತರ್ರ, ಆ ಭಾಷಿ ನನ್ನ ಕಿವಿಗೆ ಬೀಳಬಾರ್ದು" ಎಂದ. ಅಂದಿನಿಂದ ಗೋದಾಮಿನೊಳಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಎಂದು ಕಟ್ಟಪ್ಪಣೆಯಾಯಿತು.

ಶನಿವಾರ ಪಾಠ ಮುಗಿಸಿ ಹೊರಟ ಮಾಸ್ತರಿಗೆ ಹೊಟ್ಟಿನ ರಾಶಿಯ ಹಿಂದಿನಿಂದ ಒಂದು ದನಿ ಕೇಳಿಸಿತು.

"ಚೌದಾ ಪಂಜೆ ಸತ್ತರ್, ಚೌದಾ ಛಕ್ಕೆ ಚೌರಾಸಿ, ಚೌದಾ ಸತ್ತೆ ಅಠಾನ್ವೆ..."

ರಾಗ ಮಗ್ಗಿಯದು, ಮಾತು ಉರ್ದು. ಎಲ್ಲೂ ತಡೆಯಿಲ್ಲ, ಬೆರಳಿನ ಎಣಿಕೆಯಿಲ್ಲ. ಇಣುಕಿದರೆ ಉಚ್ಚೆಂಗಮ್ಮ. ಮಾಸ್ತರನ್ನು ಕಂಡದ್ದೇ ಬಾಯಿಗೆ ಸೆರಗು ಒತ್ತಿಕೊಂಡಳು.

"ತಪ್ಪಾತ್ರಿ. ಅಪ್ಪಗ ಹೇಳಬ್ಯಾಡ್ರಿ. ಮೊದ್ಲು ಅದ್ರಾಗ ಬರ್ತೈತ್ರಿ, ಆಮ್ಯಾಲ ಕನ್ನಡಕ್ಕ ತರ್ತೀನಿ."

ಮಾಸ್ತರು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು. ಒಂದು ಲೆಕ್ಕಕ್ಕೆ ಎರಡು ಲೆಕ್ಕದ ಕೆಲಸ ಮಾಡುವವಳನ್ನು ತಾವು ಎತ್ತಿನ ಬಂಡಿ ಎಂದಿದ್ದರು. ಅವರಿಗೆ ತುಂಬ ನಾಚಿಕೆಯಾಯಿತು. ಭಾನುವಾರವೆಲ್ಲ ಕನ್ನಡದ ಮಗ್ಗಿ ಬಾಯಿಪಾಠ ಮಾಡಿಸಿ ನೋಡಿದರು. ಕನ್ನಡದ್ದೂ ಉರ್ದುವಿನದೂ ಒಂದರ ಮೇಲೊಂದು ಬಿದ್ದು ಕಲಸಿಹೋದವು.

ಸೋಮವಾರ ಹೆಡ್‌ಮಾಸ್ತರ ಕೋಣೆಯಲ್ಲಿ ಉಚ್ಚೆಂಗಮ್ಮ ಮೇಜಿನ ಮುಂದೆ ನಿಂತಳು. ಹುಲುಗಪ್ಪ ಹೊಸ್ತಿಲಾಚೆ ಹೆಗಲ ಮೇಲಿನ ವಲ್ಲಿ ಹಿಡಿದು ನಿಂತಿದ್ದ.

"ಹದಿಮೂರು ಏಳ್ಲೆ?"

ಅವಳು ಕಣ್ಣು ಮುಚ್ಚಿದಳು. ಹೆಡ್‌ಮಾಸ್ತರು ಲೇಖನಿಯಿಂದ ಮೇಜು ಬಡಿಯುತ್ತ ಹತ್ತು ಎಣಿಸಿದರು. "ಆಗ್ಲಿಲ್ಲ. ಒಂದನೇ ಕ್ಲಾಸಿಗೆ ಬರ್ಕೊಳ್ಳಾ?"

"ಸಾರ್, ಆಕಿಗೆ ಬರ್ತೈತಿ" ಎಂದರು ಕೊಟ್ರಯ್ಯ ಮಾಸ್ತರು. ಬಾಗಿಲ ಕಡೆ ನೋಡುವ ಧೈರ್ಯ ಅವರಿಗಾಗಲಿಲ್ಲ. "ಕಲ್ತದ್ದು ಉರ್ದುವಿನ್ಯಾಗ. ಅದ್ರಾಗ ಹೇಳಾಕ ಬಿಡ್ರಿ."

ಹೆಡ್‌ಮಾಸ್ತರು ನಕ್ಕರು. "ಸಂತ್ಯಾಗ ದಸ್ ಬೀಸ್ ಅನ್ನೋ ತನಕ ಅಷ್ಟ ನನ್ನ ಉರ್ದು. ಆಕಿನಾ ಹೇಳಿ, ಆಕಿನಾ ಅರ್ಥ ಹೇಳಿದ್ರ ನಾ ಹೆಂಗ ನಂಬ್ಲಿ? ನಿಮಗ ಬರ್ತೈತೇನು?"

"ಇಲ್ರಿ" ಎಂದರು ಮಾಸ್ತರು. ಆದರೂ ಹುಡುಗಿಯ ಕಡೆ ತಿರುಗಿದರು. "ಹೇಳವ್ವ. ನಾನಾ ಹೇಳು ಅನ್ನಾಕತ್ತೀನಿ."

ಅವಳು ಅಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ತೇರಾ ಸತ್ತೆ ಇಕ್ಯಾನ್ವೆ" ಎಂದಳು, ಕೇಳಿಯೂ ಕೇಳದಷ್ಟು ಮೆಲ್ಲಗೆ.

ಹೆಡ್‌ಮಾಸ್ತರು ಒಂದನೇ ಕ್ಲಾಸಿಗೆ ಹೆಸರು ಬರೆಯಲು ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

"ತೊಂಬತ್ತೊಂದ್ರಿ."

ಹೇಳಿದವನು ಹುಲುಗಪ್ಪ. ಹೆಡ್‌ಮಾಸ್ತರು ತಲೆಯೆತ್ತಿದರು.

"ನಿನಗ ಬರ್ತೈತೇನಪ?"

"ನನ್ನ ತಮ್ಮ ಕಲಿಸಿದ್ರಿ" ಎಂದ ಹುಲುಗಪ್ಪ. "ನಾನು ಸಾಲಿ ಮೆಟ್ಲು ಹತ್ತಿದಾವಲ್ಲ. ಅವ ಒಬ್ಬನಾ ಓದಿದಾವ. ಹೊಲಕ್ಕ ಹೋಗೋವಾಗ ಈಕಿನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಹೇಳಿಕೊಡ್ತಿದ್ದ. ಹಿಂದ ಹಿಂದ ನಾನೂ ಅಂದೀನಿ."

ಹೆಡ್‌ಮಾಸ್ತರು ಲೇಖನಿ ಕೆಳಗಿಟ್ಟು, "ಮುಂದ ಹೇಳವ್ವ" ಎಂದರು.

"ತೇರಾ ಅಟ್ಠೆ ಏಕ್ ಸೌ ಚಾರ್."

"ನೂರಾ ನಾಕು."

"ತೇರಾ ನವ್ವೆ ಏಕ್ ಸೌ ಸತ್ರಾ."

"ನೂರಾ ಹದಿನೇಳು."

ಮಗಳ ದನಿ ಒಂದೊಂದಕ್ಕೂ ಗಟ್ಟಿಯಾಗುತ್ತಿತ್ತು, ಅಪ್ಪನದು ಹಿಂದೆಯೇ ಬರುತ್ತಿತ್ತು. ಹದಿಮೂರರ ಮಗ್ಗಿ ಮುಗಿಯಿತು. ಹೆಡ್‌ಮಾಸ್ತರು "ಸಾಕು, ಐದನೇ ಕ್ಲಾಸು" ಎಂದು ರಿಜಿಸ್ಟರಿನಲ್ಲಿ ಹೆಸರು ಬರೆಯತೊಡಗಿದರು. ಹುಲುಗಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ಮಗಳ ಪಕ್ಕದಲ್ಲಿ ನಿಂತು, ಯಾರ ಕಡೆಯೂ ನೋಡದೆ, "ಚೌದಾ ಎಕಂ ಚೌದಾ" ಎಂದು ತಾನೇ ಹದಿನಾಲ್ಕರ ಮಗ್ಗಿ ಶುರು ಮಾಡಿದ.