ಎರಡನೇ ಮಹಡಿಯ ತೋರಣ

ಇದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಡಿ, ಪೂರ್ತಿ ಕೇಳಿ. ಒಲೆಯ ಮೇಲೆ ಕುಕ್ಕರ್ ಇಟ್ಟಿದ್ದರೆ ಆರಿಸಿಯೇ ಬನ್ನಿ. ಯಾಕೆಂದರೆ ನಮ್ಮ ಮನೆಯವರೆಲ್ಲ ಈ ಕಥೆಯನ್ನು ಅರ್ಧ ಕೇಳಿ, ತಪ್ಪೆಲ್ಲ ಹಂಸಳದೇ ಎಂದು ತೀರ್ಪು ಕೊಟ್ಟಾಗಿದೆ. ಆ ಹಂಸ ನಾನೇ.

ಆಂಜನಮ್ಮ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಕಗ್ಗದಾಸಪುರದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ದೊಡ್ಡಮ್ಮ ಬಾಡಿಗೆದಾರರನ್ನು ಬೆಳೆಯುತ್ತಾರೆ. ನೆಲಮಹಡಿಯಲ್ಲಿ ಅವರ ಸಂಸಾರ, ಮೇಲಿನ ಮಹಡಿಗಳಲ್ಲಿ ಕೋಣೆಗೊಂದು ಸಂಸಾರ. ಅಲ್ಲಿ ಬಾಗಿಲಿಗೆ ಚಿಲಕ ಹಾಕುವುದೊಂದನ್ನು ಬಿಟ್ಟರೆ ಮಿಕ್ಕ ಎಲ್ಲದಕ್ಕೂ ಅಪ್ಪಣೆ ಬೇಕು. ತಾರಸಿಯಲ್ಲಿ ಬಟ್ಟೆ ಒಣಗಿಸಬಾರದು, ಸಂಜೆ ಮೀನು ಹುರಿಯಬಾರದು, ನೆಂಟರು ಎರಡು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಉಳಿದಂತೆ ನೀವು ನಮ್ಮ ಮನೆಯವರೇ ಎಂದು ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ದೊಡ್ಡಮ್ಮ ಹೇಳಿಬಿಡುತ್ತಾರೆ.

ದೊಡ್ಡಮ್ಮ ಏನನ್ನೂ ಎಸೆಯುವವರಲ್ಲ. ಗಣೇಶನ ಥರ್ಮಾಕೋಲ್ ಮಂಟಪ, ಪ್ಲಾಸ್ಟಿಕ್ ಬಾಳೆಕಂದು, ಮಿನುಗುವುದನ್ನು ಎಂದೋ ನಿಲ್ಲಿಸಿದ ಜರಿ ಹಾರಗಳು, ಎಲ್ಲವೂ ಅಟ್ಟದ ಮೇಲಿವೆ. ತೀರಾ ಕಣ್ಣಿಂದ ನೋಡಲಾಗದ ಸ್ಥಿತಿಗೆ ಬಂದದ್ದು ಮಾತ್ರ ಕೆಳಗಿಳಿಯುತ್ತದೆ. ಅದೂ ಕಸದ ಗಾಡಿಗಲ್ಲ, ಗೌರಿ ಹಬ್ಬದ ಬಾಗಿನಕ್ಕೆ. ಮುತ್ತೈದೆಯರಿಗೆ ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ರವಿಕೆ ಕಣ ಇಟ್ಟು ಕೊಡುತ್ತಾರಲ್ಲ, ಅದರ ಜೊತೆಗೆ ದೊಡ್ಡಮ್ಮನ ಕಡೆಯಿಂದ ಅಟ್ಟದ ಪ್ರಸಾದ. ಪುಣ್ಯಕ್ಕೆ ಪುಣ್ಯವೂ ಆಯಿತು, ಜಾಗಕ್ಕೆ ಜಾಗವೂ ಆಯಿತು.

ಈ ಸಲ ಎರಡನೇ ಮಹಡಿಯ ನಾಗರತ್ನಾಳ ಮೊರದಲ್ಲಿ ಬಂದದ್ದು ಬಾಗಿಲಿಗೆ ಕಟ್ಟುವ ಮಣಿ ತೋರಣ. ದೊಡ್ಡಮ್ಮ ತಮ್ಮ ಗೃಹಪ್ರವೇಶಕ್ಕೆಂದು ಶಿವಾಜಿನಗರದಲ್ಲಿ ಚೌಕಾಸಿ ಮಾಡಿ ತಂದದ್ದು. ಒಂದು ಕಾಲಕ್ಕೆ ಅದರಲ್ಲಿ ಬಿಳಿ ಮಣಿಗಳ ಆನೆಗಳು ಸಾಲಾಗಿ ನಿಂತು ಕೆಂಪು ಕಮಲಕ್ಕೆ ಸೊಂಡಿಲೆತ್ತಿದ್ದವಂತೆ. ನಾನು ನೋಡುವ ಹೊತ್ತಿಗೆ ಆನೆಗಳು ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಎರಡಕ್ಕೆ ಸೊಂಡಿಲೇ ಇರಲಿಲ್ಲ.

ನಾಗರತ್ನಾ ಶಹಾಪುರದ ಕಡೆಯವಳು, ನನ್ನ ಓರಗೆಯವಳು. ಗಂಡ ಮುತ್ತಣ್ಣ ಕೆ.ಆರ್. ಪುರದ ಕಡೆ ಟೈಲ್ಸ್ ಕೂರಿಸುತ್ತಾನೆ. ಅವಳು ದೊಮ್ಮಲೂರಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಕೋಣೆ ಕೊಡಿಸಿದ್ದೂ ನಾನೇ. ತೋರಣ ತೋರಿಸಿ, ಇದನ್ನು ಕಟ್ಟಬೇಕೋ ಒಲೆಗೆ ಹಾಕಬೇಕೋ ಎಂದು ಕೇಳಿದಳು. ಕೇಳಿದ್ದು ಸರಿಯಾದವಳನ್ನೇ. ಹಳದಿಯಾದ ಪ್ಲಾಸ್ಟಿಕ್ಕನ್ನು ಬಿಳಿ ಮಾಡುವ ವಿಡಿಯೊಗಳನ್ನು ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. ಮನೆಯ ಸ್ವಿಚ್ ಬೋರ್ಡು, ಅಮ್ಮನ ಮಿಕ್ಸಿ, ಫ್ರಿಜ್ಜಿನ ಹಿಡಿ, ಎಲ್ಲವನ್ನೂ ಬೆಳ್ಳಗೆ ಮಾಡಿ ಮುಗಿಸಿ, ಇನ್ನೇನು ಸಿಗುತ್ತದೆಂದು ನೆಂಟರ ಮನೆಗಳ ಮೂಲೆಗಳನ್ನು ನೋಡುತ್ತಿದ್ದೆ.

ಕೆಲಸ ಸುಲಭ, ಆದರೆ ಕಾಯಬೇಕು. ಬ್ಯೂಟಿ ಪಾರ್ಲರಿನವರು ಕೂದಲಿಗೆ ಬಣ್ಣ ಹಾಕುವಾಗ ಬಳಸುವ ಪೆರಾಕ್ಸೈಡ್ ಕ್ರೀಮ್ ಬೇಕು, ಕೈಗೆ ಗ್ಲೌಸ್ ಬೇಕು, ಬಿಸಿಲು ಬೇಕು. ಮೊದಲು ಕೆಂಪು ಮಣಿಗಳನ್ನು ಬಿಡಿಸಿ ಪಕ್ಕಕ್ಕಿಟ್ಟೆವು, ಇಲ್ಲದಿದ್ದರೆ ಅವೂ ಬಿಳಿಚಿಕೊಳ್ಳುತ್ತವೆ. ಬಿಳಿ ಮಣಿಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಕ್ರೀಮ್ ಬಳಿದು, ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ತಾರಸಿಯಲ್ಲಿಟ್ಟೆವು. ತಾರಸಿಯಲ್ಲಿ ಬಟ್ಟೆ ತಾನೇ ಒಣಗಿಸಬಾರದು, ಆನೆ ಒಣಗಿಸಬಾರದೆಂದು ದೊಡ್ಡಮ್ಮ ಹೇಳಿರಲಿಲ್ಲ. ಕ್ರೀಮ್ ಒಣಗಿದರೆ ಮಚ್ಚೆ ಬೀಳುತ್ತದೆ, ಹಾಗಾಗಿ ಆಗಾಗ ತಿರುವಿ ಹಾಕುತ್ತಾ ರಜಾ ದಿನಗಳನ್ನೆಲ್ಲ ನೀರಿನ ಟ್ಯಾಂಕಿನ ನೆರಳಲ್ಲಿ ಕಳೆದೆವು. ಮೋಡ ಬಂದಾಗಲೆಲ್ಲ ನಾನು ಬೈಯುತ್ತಿದ್ದೆ, ನಾಗರತ್ನಾ ನಗುತ್ತಿದ್ದಳು. ಕೊನೆಗೆ ಹೊಸ ನೈಲಾನ್ ದಾರಕ್ಕೆ ಎಲ್ಲವನ್ನೂ ಅವಳೇ ಪೋಣಿಸಿ, ಸೊಂಡಿಲಿಲ್ಲದವಕ್ಕೆ ಸೊಂಡಿಲನ್ನೂ ಕೊಟ್ಟಳು.

ಬಾಗಿಲಿಗೆ ಕಟ್ಟಿದ ಮೇಲೆ ಆ ಮಹಡಿಯೇ ಬೇರೆಯಾಯಿತು. ಗ್ಯಾಸ್ ಸಿಲಿಂಡರ್ ಹೊತ್ತು ಬಂದವನೂ ಒಂದು ಗಳಿಗೆ ನಿಂತು ನೋಡಿ ಹೋದ. ಶಹಾಪುರದಲ್ಲಿರುವ ನಾಗರತ್ನಾಳ ಅವ್ವ ಅಲ್ಲಿಯವರೆಗೆ ಫೋನಿನಲ್ಲಿ ‘ರೂಮ್ ಹ್ಯಾಂಗದ’ ಎಂದೇ ಕೇಳುತ್ತಿದ್ದವಳು, ವಿಡಿಯೊ ಕಾಲಿನಲ್ಲಿ ತೋರಣ ನೋಡಿ ಮೊದಲ ಸಲ ‘ಮನಿ ಚಂದ ಅದ’ ಎಂದಳಂತೆ. ಅದನ್ನು ನಾಗರತ್ನಾ ನನ್ನ ತಟ್ಟೆಗೆ ಚಪಾತಿ ಹಾಕುವಾಗೆಲ್ಲ ಹೇಳುತ್ತಿದ್ದಳು. ದೀಪಾವಳಿಗೆ ಅವ್ವನನ್ನು ಕರೆಸಿ ಆ ಬಾಗಿಲಿನಿಂದಲೇ ಒಳಗೆ ಕರೆದುಕೊಳ್ಳುವುದೊಂದೇ ಅವಳ ಆಸೆ.

ತೋರಣ ದೊಡ್ಡಮ್ಮನ ಕಣ್ಣಿಗೂ ಬಿತ್ತು. ಕೊಟ್ಟ ಬಾಗಿನವನ್ನು ವಾಪಸ್ ಕೇಳಬಾರದು, ಮಹಾ ಪಾಪ. ಆದ್ದರಿಂದ ಅವರು ಕೇಳಲಿಲ್ಲ. ಆ ಬಾಗಿಲು ದಕ್ಷಿಣಕ್ಕಿದೆ, ಆನೆ ಕಟ್ಟಿದರೆ ಗಂಡನ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಒಮ್ಮೆ ಕಾಳಜಿ ತೋರಿಸಿದರು. ಇನ್ನೊಮ್ಮೆ ಬಣ್ಣಬಣ್ಣದ ಸೀರಿಯಲ್ ಲೈಟಿನ ಸರ ಹಿಡಿದು ಬಂದು, ಈಗ ಇದೇ ಫ್ಯಾಷನ್ನು, ಮಣಿ ಗಿಣಿ ಎಲ್ಲ ಹಳೇಕಾಲದ್ದು ಎಂದು ತಿಳಿಹೇಳಿದರು. ನಾಗರತ್ನಾ ಎಲ್ಲದಕ್ಕೂ ಆಗಲಿ ಅಮ್ಮಾರ ಎನ್ನುತ್ತಿದ್ದಳು. ತೋರಣ ಮಾತ್ರ ಇದ್ದಲ್ಲೇ ಇತ್ತು.

ದೀಪಾವಳಿಗೆ ಮುಂಚಿನ ಭಾನುವಾರ ಹಲಸೂರಿನಿಂದ ಬೀಗರು ಬಂದರು. ದೊಡ್ಡಮ್ಮನ ಮಗ ಪ್ರೇಮ್‌ಕುಮಾರನಿಗೆ ಮದುವೆಯಾಗಿ ಮೊದಲ ದೀಪಾವಳಿ, ಅಳಿಯನನ್ನು ಹಬ್ಬಕ್ಕೆ ಕರೆಯಲು ಬಂದದ್ದು. ಬೀಗರು ಬಂದಾಗಲೆಲ್ಲ ದೊಡ್ಡಮ್ಮ ಅವರನ್ನು ತಾರಸಿಗೆ ಹತ್ತಿಸಿ, ಅಲ್ಲಿಂದ ಕಾಣುವ ಅಪಾರ್ಟ್‌ಮೆಂಟುಗಳ ಕಡೆ ಕೈ ತೋರಿಸಿ, ಇದೆಲ್ಲ ಹಿಂದೆ ನಮ್ಮದೇ ಎನ್ನುವುದು ರೂಢಿ. ಆ ದಿನ ಎಲ್ಲರ ಹಿಂದೆ ಕಾಫಿ ಲೋಟಗಳ ತಟ್ಟೆ ಹಿಡಿದು ನಾನೂ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯಲ್ಲಿ ಬೀಗಿತ್ತಿ ನಿಂತೇಬಿಟ್ಟರು. ಇಂಥ ಕೆಲಸ ಈಗೆಲ್ಲಿ ಸಿಗುತ್ತದೆ ಎಂದು ಆನೆಗಳನ್ನು ಮುಟ್ಟಿ ಮುಟ್ಟಿ ನೋಡಿದರು.

“ನಮ್ಮದೇ ಇದು, ಗೃಹಪ್ರವೇಶದ್ದು,” ಎಂದರು ದೊಡ್ಡಮ್ಮ. “ತೊಳ್ದಿಡು ಅಂತ ಈ ಬಾಡ್ಗೆ ಮನೆ ಹುಡ್ಗಿಗೆ ಕೊಟ್ಟಿದ್ದೆ, ಒಣಗ್ಲಿ ಅಂತ ಇಲ್ಲಿ ನೇತಾಕವ್ಳೆ. ಅಲ್ವೇನೇ ಹಂಸ?”

ಬಾಗಿಲಲ್ಲೇ ನಾಗರತ್ನಾ ನಿಂತಿದ್ದಳು, ಕೈಯೆಲ್ಲ ಹಿಟ್ಟು.

“ಬಾಗಿನಕ್ಕೆ ಕೊಟ್ಟಿದ್ದಲ್ವಾ ದೊಡ್ಡಮ್ಮ?” ಎಂದೆ ನಾನು.

ಬೀಗಿತ್ತಿಯ ಕೈ ಆನೆಯ ಮೇಲೆಯೇ ನಿಂತಿತು. ದೊಡ್ಡಮ್ಮ ನನ್ನನ್ನು ನೋಡಿದ ನೋಟದಲ್ಲಿ ನನ್ನ ಮುಂದಿನ ಹತ್ತು ಹಬ್ಬಗಳ ಒಬ್ಬಟ್ಟು ರದ್ದಾಯಿತು. “ಬಾಗಿನದ ಜೊತೆ ಕೊಟ್ಟೆ ಕಣೇ, ಬಾಗಿನಕ್ಕಲ್ಲ. ಮೊರ ಬೇರೆ, ಮೊರದೊಳಗಿರೋದು ಬೇರೆ.”

ನಾಗರತ್ನಾ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಕೈ ತೊಳೆದು, ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕಣ, ಅರಿಶಿನ ಕುಂಕುಮ ಇಟ್ಟುಕೊಂಡು ಬಂದಳು. ಸ್ಟೂಲು ಹತ್ತಿ ತೋರಣ ಬಿಚ್ಚಿದಳು.

“ಅಮ್ಮಾರ, ನಿಮ್ದ ಅಂದಮ್ಯಾಲ ನಿಮ್ದರೀ. ಆದ್ರ ಹಂಗೇ ಕೈಯಾಗ ಕೊಡಬಾರ್ದು. ಉಡಿ ತುಂಬ್ತೀನಿ, ಸೆರಗ ಹಿಡೀರಿ.”

ಅವರ ಕಡೆ ಮುತ್ತೈದೆಗೆ ಮರ್ಯಾದೆ ಮಾಡುವುದು ಹಾಗೇ. ಅವಳು ಸೆರಗು ಹರಡಿ ನಿಲ್ಲಬೇಕು, ಕೊಡುವವರು ಅದರೊಳಗೆ ತುಂಬಬೇಕು. ದೊಡ್ಡ ಗೌರವ ಅದು. ಆದರೆ ರೇಷ್ಮೆ ಸೀರೆಯುಟ್ಟ ಮನೆ ಮಾಲೀಕರು ಬಾಡಿಗೆದಾರಳ ಹೊಸ್ತಿಲ ಮುಂದೆ, ಬೀಗರ ಎದುರಿಗೆ ಸೆರಗೊಡ್ಡಿ ನಿಂತರೆ ಹೇಗೆ ಕಾಣುತ್ತದೆ ಎಂಬುದು ದೊಡ್ಡಮ್ಮನಿಗೆ ತಕ್ಷಣ ಹೊಳೆಯಿತು. ಅತ್ತಿತ್ತ ನೋಡಿದರು.

“ಹಂಸ, ನೀನೇ ಇಸ್ಕೊಳ್ಳೇ. ನಂಗೆ ಮಂಡಿನೋವು.”

ಸೆರಗಿಗೂ ಮಂಡಿಗೂ ಏನು ಸಂಬಂಧವೋ. ನಾನು ಕಾಫಿ ತಟ್ಟೆಯನ್ನು ಕೆಳಗಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮದುವೆಯಾಗದವರಿಗೆ ಉಡಿ ತುಂಬುವುದಿಲ್ಲ ಎಂದೆ. ಹಾಗೊಂದು ನಿಯಮ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಬಾಯಿಗೆ ಬಂತು. ಬೀಗಿತ್ತಿ ಮೆಲ್ಲಗೆ, ಹಬ್ಬದ ಹೊತ್ತಿನಲ್ಲಿ ಬೇಡವೆನ್ನಬಾರದು ಎಂದು ಸೇರಿಸಿದರು.

ದೊಡ್ಡಮ್ಮ ಸೆರಗು ಹರಡಿದರು. ನಾಗರತ್ನಾ ಕುಂಕುಮವಿಟ್ಟು, ಅಕ್ಕಿ, ಕೊಬ್ಬರಿ, ಕಣ ಹಾಕಿ, ಮೇಲೆ ತೋರಣವನ್ನು ಒಂದೊಂದೇ ಆನೆಯಾಗಿ ಇಳಿಸಿದಳು. ಕಾಲಿಗೂ ಬಿದ್ದಳು. ಅವಳ ಮುಖದಲ್ಲಿ ನಗುವಿದೆಯಾ ಎಂದು ಹುಡುಕಿದೆ, ಕಾಣಲಿಲ್ಲ. ಉಡಿಯ ಭಾರವನ್ನು ಎರಡೂ ಕೈಯಲ್ಲಿ ಹಿಡಿದ ದೊಡ್ಡಮ್ಮನಿಗೆ ಮೇಲೆ ಹತ್ತುವುದಿರಲಿ, ಮೂಗು ತುರಿಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಅಪಾರ್ಟ್‌ಮೆಂಟುಗಳನ್ನು ತೋರಿಸುವವರಿಲ್ಲದೆ ಮೆರವಣಿಗೆ ಕೆಳಗಿಳಿಯಿತು.

ಈಗ ತೋರಣ ನೆಲಮಹಡಿಯಲ್ಲಿದೆ. ಹಲಸೂರಿನಲ್ಲಿ ಕಥೆ ಮನೆಮನೆ ಸುತ್ತುತ್ತಿದೆ. ದೀಪಾವಳಿಗೆ ಬಂದ ಅವ್ವ ತೋರಣ ಎಲ್ಲಿ ಎಂದು ಕೇಳಿದಾಗ ನಾಗರತ್ನಾ ತೊಳೆಯಲು ಕೊಟ್ಟಿದ್ದೇನೆ ಎಂದಳಂತೆ. ನನ್ನ ಅಮ್ಮ, ಹಿರಿಯರ ಮಾನ ಕಳೆದೆ ಎಂದು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದನ್ನೆಲ್ಲ ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ, ಮೊನ್ನೆ ಕ್ಯಾಂಟೀನಿನಲ್ಲಿ ನಾಗರತ್ನಾ ಚಪಾತಿ ಹಾಕುತ್ತಾ ಒಂದು ಮಾತು ಹೇಳುವವರೆಗೆ.

“ಉಡ್ಯಾಗ ಬಿದ್ದದ್ದು ಉಡಿ ಹಿಡದವ್ರದ. ನೀವು ಇಸ್ಕೊಂಡಿದ್ರ ಅದು ನಿಮ್ದ ಆಗ್ತಿತ್ತಲ್ರೀ ಅಕ್ಕಾರ. ನಿಮ್ಮ ಕಡಿಂದ ನನ್ನ ಬಾಗಲಿಗೆ ಬರ್ತಿತ್ತು.”

ಕೈ ಚಾಚಿದ್ದರೆ ತೋರಣ ಉಳಿಯುತ್ತಿತ್ತು, ದೊಡ್ಡಮ್ಮ ಸೆರಗೊಡ್ಡುವುದನ್ನು ನೋಡುವ ಸುಖ ತಪ್ಪುತ್ತಿತ್ತು. ಆ ಮೆಟ್ಟಿಲ ಮೇಲೆ, ಕಾಫಿ ಲೋಟಗಳ ಪಕ್ಕದಲ್ಲಿ ನೀವು ನಿಂತಿದ್ದರೆ ನಿಜಕ್ಕೂ ಏನು ಮಾಡುತ್ತಿದ್ದಿರಿ?